18 ತುಂಬಿದ ಮಾರನೇ ದಿನ ಬಾಲಮಂದಿರದ ಹುಡುಗ ಎಲ್ಲಿಗೆ ಹೋಗಬೇಕು?

ಗ್ಯಾರೇಜ್ ಪಾನಾ

ಎಲ್ಲರಿಗೂ ನಮಸ್ಕಾರ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ನನ್ನದೊಂದು ಚಿಕ್ಕ ಬೈಕ್ ಗ್ಯಾರೇಜ್ ಇದೆ. ಹೋದ ವರ್ಷ ಇಲ್ಲಿನ ಬಾಲಮಂದಿರದವರು, ಅಂದರೆ ಆಸರೆ ಇಲ್ಲದ ಮಕ್ಕಳ ಗೃಹದವರು, ಬಂದು, ಹುಡುಗನೊಬ್ಬನಿಗೆ ಭಾನುವಾರ ಕೆಲಸ ಕಲಿಸ್ತೀರಾ ಅಂತ ಕೇಳಿದ್ದರು. ಆಗಿನಿಂದ ಬರುತ್ತಿದ್ದಾನೆ. ಐಟಿಐ ಫಿಟ್ಟರ್, ಎರಡನೇ ವರ್ಷ. ಕೈ ಚುರುಕು. ಕಾರ್ಬೊರೇಟರ್ ಬಿಚ್ಚಿದರೆ ಸ್ಕ್ರೂಗಳನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಹಳೇ ಪೇಪರ್ ಮೇಲೆ ಸಾಲಾಗಿ ಇಡುತ್ತಾನೆ. ನನಗೇ ಆ ಅಭ್ಯಾಸ ಇಲ್ಲ.

ಮೊನ್ನೆ ಟೀ ಕುಡಿಯುವಾಗ "ಅಣ್ಣ, ಇನ್ನು ಹತ್ತು ವಾರ ಅಷ್ಟೇ" ಅಂದ. ಏನಪ್ಪಾ ಅಂದರೆ, 18 ತುಂಬುತ್ತಂತೆ. ಆಮೇಲೆ ಅಲ್ಲಿ ಇರುವ ಹಾಗಿಲ್ಲವಂತೆ. ಪರೀಕ್ಷೆಗೆ ಇನ್ನೂ ಐದು ತಿಂಗಳಿದೆ. ಎಲ್ಲಿಗೆ ಹೋಗ್ತೀಯ ಅಂದೆ. "ನೋಡಬೇಕು" ಅಂದವನೇ ಲೋಟ ತೊಳೆಯೋಕೆ ಎದ್ದು ಹೋದ.

ನನ್ನ ಮನೆಯಲ್ಲಿ ಎರಡು ರೂಮು, ಐದು ಜನ. ಗ್ಯಾರೇಜಿನ ಅಟ್ಟದ ಮೇಲೆ ಮಲಗಿಸಬಹುದು. ಆದರೆ ಆಯಿಲ್ ವಾಸನೆಯಲ್ಲಿ ಓದೋದು ಹೇಗೆ? ಗೃಹದಲ್ಲಿ ಕೇಳಿದೆ. "ಸರ್ಕಾರದ್ದು ಏನೋ ಇದೆ, ಫಂಡ್ ಬಂದರೆ ನೋಡೋಣ" ಅಂದರು. ಆ "ಏನೋ" ಅಂದರೆ ಏನು? ಯಾರನ್ನು ಕೇಳಬೇಕು? ಗೊತ್ತಿರುವವರು ಹೇಳಿ.

ಟ್ರಂಕು ನಂಬರ್ 31

ಅಣ್ಣ, ಹತ್ತು ವಾರ ಇರುವಾಗಲೇ ಕೇಳಿದ್ದೀರಿ, ಅದೇ ದೊಡ್ಡದು. ನನ್ನ ಸರದಿ ಬಂದಾಗ ಯಾರೂ ಕೇಳಲಿಲ್ಲ.

ನಾನು ಎಂಟನೇ ವಯಸ್ಸಿನಿಂದ ಹೋಮಿನಲ್ಲಿ ಬೆಳೆದವನು. ಈಗ 27. ಟ್ರಂಕಿನ ಮೇಲೆ ಬಿಳಿ ಪೇಂಟಲ್ಲಿ ಬರೆದಿದ್ದ ನಂಬರೇ ಇಲ್ಲಿ ನನ್ನ ಹೆಸರು. ನಮ್ಮಲ್ಲಿ ಅರ್ಧ ಹುಡುಗರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಯಾರೋ ಬರೆಸಿದ್ದು. ಹಾಗಾಗಿ ಹೊರಗೆ ಹೋಗೋದೂ ಒಟ್ಟಿಗೇ. ಆವತ್ತು ನಾವು ನಾಲ್ಕು ಜನ ಹೊರಟೆವು. ಒಬ್ಬನಿಗೆ ಮಾತ್ರ ದೂರದ ಚಿಕ್ಕಪ್ಪ ಇದ್ದರು.

ನಾನು ಬೆಂಗಳೂರು ಬಸ್ ಹತ್ತಿದೆ. ಮೂರು ರಾತ್ರಿ ಮೆಜೆಸ್ಟಿಕ್‌ನಲ್ಲಿ ಟ್ರಂಕಿನ ಮೇಲೆ ತಲೆ ಇಟ್ಟು ಮಲಗಿದೆ. ಆಮೇಲೆ ಒಂದು ಹೋಟೆಲಲ್ಲಿ ಸಪ್ಲೈಯರ್ ಕೆಲಸ. ಊಟ, ಮಲಗೋಕೆ ಜಾಗ ಎರಡೂ ಸಿಗುತ್ತೆ ಅಂತ ನಮ್ಮಂಥವರು ಮೊದಲು ಹೋಟೆಲನ್ನೇ ಹುಡುಕೋದು. ಸೆಕೆಂಡ್ ಪಿಯುಸಿ ಅಲ್ಲಿಗೇ ನಿಂತಿತು.

ವರ್ಷ ಆದಮೇಲೆ ಒಂದು ರೂಮು ಮಾಡಿದೆ. ಮೊದಲ ರಾತ್ರಿ ನಿದ್ದೆನೇ ಇಲ್ಲ. 40 ಹುಡುಗರ ಗೊರಕೆ, ಕೆಮ್ಮು, ಕನವರಿಕೆ ಕೇಳಿಕೊಂಡು ಹತ್ತು ವರ್ಷ ಮಲಗಿದವನು ನಾನು. ಅಷ್ಟು ನಿಶ್ಶಬ್ದದಲ್ಲಿ ಭಯ ಆಯಿತು. ರೇಡಿಯೊ ಹಾಕಿಕೊಂಡು ಮಲಗಿದೆ. ಈಗಲೂ ಹಾಕುತ್ತೇನೆ, ಹೆಂಡತಿ ಬೈತಾಳೆ.

ಇನ್ನು ಅಡುಗೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಗೊತ್ತಿಲ್ಲ. ಅಲ್ಲಿ ಅನ್ನ ಅಂದರೆ ಕೊಪ್ಪರಿಗೆಯಲ್ಲಿ ಬೇಯೋದು. ನಾನು ಒಂದು ಕೆಜಿ ಪ್ಯಾಕೆಟ್ ಪೂರ್ತಿ ಸುರಿದುಬಿಟ್ಟೆ. ಮುಚ್ಚಳ ಎದ್ದು ನಿಂತಿತು. ಮೂರು ದಿನ ಚಿತ್ರಾನ್ನ ತಿಂದೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಹುಡುಗ ಕೈಕೆಲಸದಲ್ಲಿ ಚುರುಕು ಅಂದಮಾತ್ರಕ್ಕೆ ಬದುಕೋಕೆ ಕಲಿತಿದ್ದಾನೆ ಅಂದುಕೊಳ್ಳಬೇಡಿ. ಈಗಿನಿಂದಲೇ ಸಂತೆಗೆ ಕರೆದುಕೊಂಡು ಹೋಗಿ. ಕಾಲು ಕೆಜಿ ಟೊಮೆಟೊ ಅವನೇ ಚೌಕಾಸಿ ಮಾಡಿ ತರಲಿ.

ಕಪ್ಪು ಕೋಟು

ಆ "ಏನೋ" ಏನು ಅಂತ ನಾನು ಹೇಳುತ್ತೇನೆ. ವಕೀಲ, ಮಕ್ಕಳ ಕೇಸುಗಳಲ್ಲಿ ಓಡಾಡಿದ್ದೇನೆ.

2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ನೋಡಿ. 18 ತುಂಬಿ ಸಂಸ್ಥೆ ಬಿಡುವ ಮಗುವಿಗೆ ಸಮಾಜದಲ್ಲಿ ನೆಲೆ ನಿಲ್ಲೋಕೆ ಹಣದ ನೆರವು ಕೊಡಬಹುದು ಅಂತ ಇದೆ. "ಕೊಡಬಹುದು" ಅಂತಿದೆ, "ಕೊಡಲೇಬೇಕು" ಅಂತಿಲ್ಲ. ಎಲ್ಲ ತೊಂದರೆ ಶುರುವಾಗೋದು ಆ "ಬಹುದು" ಇಂದ. ಕೇಳಿದವರಿಗೆ ಸಿಗುತ್ತೆ, ಕೇಳದವರು ಮೆಜೆಸ್ಟಿಕ್‌ಗೆ ಹೋಗ್ತಾರೆ.

ಆದರೆ ಇದೇ ಕಾಯ್ದೆಯ ಜಾರಿಗೆ ಕೇಂದ್ರ ಮಾಡಿದ 2016ರ ಮಾದರಿ ನಿಯಮಗಳಲ್ಲಿ 25ನೇ ನಿಯಮ ಸ್ವಲ್ಪ ಗಟ್ಟಿಯಾಗಿದೆ. ಅನುಪಾಲನೆ, ಅಂದರೆ ಆಫ್ಟರ್‌ಕೇರ್, 21 ವರ್ಷದವರೆಗೆ ಕೊಡಬಹುದು. ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ, ಅಂದರೆ 23ರವರೆಗೆ. ನಿಮಗೆ ಮುಖ್ಯವಾದದ್ದು ಇದು: ಹುಡುಗ ಹೊರಬೀಳುವ ಎರಡು ತಿಂಗಳ ಮುಂಚೆಯೇ ಅವನ ಕೇಸ್ ವರ್ಕರ್ ಅಥವಾ ಮಕ್ಕಳ ಕಲ್ಯಾಣ ಅಧಿಕಾರಿ ಒಂದು ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು. ಎಲ್ಲಿ ಇರ್ತಾನೆ, ಏನು ಓದ್ತಾನೆ, ಎಷ್ಟು ದಿನ ನೆರವು ಬೇಕು, ಎಲ್ಲ ಅದರಲ್ಲಿ ಇರಬೇಕು. ಸಮಿತಿ ಆದೇಶ ಮಾಡಿದರೆ ಹಣ ನೇರ ಅವನ ಬ್ಯಾಂಕ್ ಖಾತೆಗೆ ಬರಬೇಕು. ಆರೆಂಟು ಜನ ಸೇರಿ ಇರುವ ಗುಂಪು ಮನೆ, ತರಬೇತಿ ಕಾಲದ ಸ್ಟೈಪೆಂಡ್, ಸ್ವಂತ ಕೆಲಸಕ್ಕೆ ಸಾಲದ ಸಹಾಯ, ಇವೆಲ್ಲ ಅದೇ ನಿಯಮದಲ್ಲಿವೆ.

ಹತ್ತು ವಾರ ಅಂದಿರಿ. ಎರಡು ತಿಂಗಳು ಅಂದರೆ ಸುಮಾರು ಒಂಬತ್ತು ವಾರ. ನಿಮ್ಮ ಕೈಯಲ್ಲಿ ಒಂದೇ ವಾರ ಇದೆ. ನಾಳೆಯೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಬಾಯಲ್ಲಿ ಹೇಳಿ ಬರಬೇಡಿ. ಹುಡುಗನ ಕೈಯಲ್ಲೇ ಅರ್ಜಿ ಬರೆಸಿ, ಒಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ.

ಮಕ್ಕಳ ರಕ್ಷಣೆಗೆ ಅಂತ ಕೇಂದ್ರ ಮಾಡಿರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುಪಾಲನೆಗೆ ತಲೆಗೆ ತಿಂಗಳಿಗೆ 4000 ರೂಪಾಯಿ ಇದೆ. ಕೇಂದ್ರ 60, ರಾಜ್ಯ 40 ಪಾಲು. ಫಂಡ್ ಬರೋದು ತಡ ಆಗುತ್ತೆ, ನಿಜ. ಆದರೆ ಆದೇಶವೇ ಇಲ್ಲದಿದ್ದರೆ ಬಂದ ಫಂಡಲ್ಲೂ ಅವನ ಹೆಸರು ಇರಲ್ಲ.

ನೇರಮಾತು

ಬೈಬೇಡಿ, ಮನಸ್ಸಿಗೆ ಬಂದದ್ದು ಹೇಳ್ತೀನಿ. 18 ಆಯಿತು, ಕೈಕಾಲು ಗಟ್ಟಿ ಇದೆ, ಕೆಲಸ ಗೊತ್ತಿದೆ. ನಾನು 16ಕ್ಕೇ ದಾವಣಗೆರೆ ಮಂಡಿಯಲ್ಲಿ ಮೂಟೆ ಹೊತ್ತವನು. ನನಗೆ ಯಾವ ಸ್ಟೈಪೆಂಡೂ ಇರಲಿಲ್ಲ. 23ರವರೆಗೆ ಸಾಕುತ್ತಾ ಹೋದರೆ ಹುಡುಗರು ಯಾವಾಗ ಸ್ವಂತ ಕಾಲ ಮೇಲೆ ನಿಲ್ಲೋದು?

ಟ್ರಂಕು ನಂಬರ್ 31

ಒಂದು ಪ್ರಶ್ನೆ ಅಣ್ಣ. ಮೂಟೆ ಹೊತ್ತು ಸಂಜೆ ಎಲ್ಲಿಗೆ ಹೋಗ್ತಿದ್ರಿ?

ನೇರಮಾತು

ಮನೆಗೆ.

ಟ್ರಂಕು ನಂಬರ್ 31

ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು ಯಾರು?

ನೇರಮಾತು

ಸರಿ ಮಾರಾಯ, ಅರ್ಥ ಆಯಿತು. ಆದರೂ ದುಡ್ಡು ಕೊಟ್ಟು ಕೂರಿಸೋದು ಬೇಡ ಅನ್ನೋ ಮಾತು ಬಿಡಲ್ಲ. ಕೆಲಸ ಕೊಡಿಸಿ, ಕೋಣೆ ಕೊಡಿಸಿ. ದುಡ್ಡು ಆಮೇಲೆ.

ಹೊಲಿಗೆ ಮಷಿನ್

ಎಲ್ಲರೂ ಹುಡುಗರ ಬಗ್ಗೆನೇ ಮಾತಾಡ್ತಿದ್ದೀರಿ. ಹೆಣ್ಣುಮಕ್ಕಳ ಕಥೆ ಬೇರೆ ಇದೆ.

ನಾವು ಬಾಲಕಿಯರ ಬಾಲಮಂದಿರದಿಂದ 18 ಆದಮೇಲೆ ಬೀದಿಗೆ ಬೀಳೋದು ಕಮ್ಮಿ. ರಾಜ್ಯ ಮಹಿಳಾ ನಿಲಯಕ್ಕೆ ಕಳಿಸ್ತಾರೆ. ಸೂರು ಇರುತ್ತೆ, ಊಟ ಇರುತ್ತೆ. ಅದಕ್ಕೆ ನಾನು ಕೃತಜ್ಞಳೇ. ಆದರೆ ಅಲ್ಲಿಂದ ಹೊರಗೆ ಹೋಗುವ ದೊಡ್ಡ ಬಾಗಿಲು ಅಂದರೆ ಮದುವೆ. ಪೇಪರಲ್ಲಿ ನೋಡಿರ್ತೀರಿ, "ಮಹಿಳಾ ನಿಲಯದಲ್ಲಿ ಮದುವೆ ಸಂಭ್ರಮ" ಅಂತ ಫೋಟೊ. ಅಧಿಕಾರಿಗಳೇ ನಿಂತು ಧಾರೆ ಎರೀತಾರೆ. ಹೆಣ್ಣು ಸಿಗದ ಊರುಗಳಿಂದ ಗಂಡುಗಳ ಅರ್ಜಿ ಬರುತ್ತವೆ. ಹೊಲ ಎಷ್ಟು, ಸಂಬಳ ಎಷ್ಟು, ಮನೆ ಹೇಗಿದೆ ಅಂತ ವಿಚಾರಿಸಿಯೇ ಕೊಡೋದು, ಅದರಲ್ಲಿ ಸುಳ್ಳಿಲ್ಲ. ನನ್ನ ಜೊತೆಯವಳೊಬ್ಬಳು ಮಲೆನಾಡ ಕಡೆ ಅಡಿಕೆ ತೋಟದ ಮನೆಗೆ ಹೋದಳು, ಚೆನ್ನಾಗಿದ್ದಾಳೆ. ಅತ್ತೆ ಅವಳಿಗೆ ಮೊಬೈಲ್ ಕೊಡಿಸಿದ್ದಾರೆ, ಆಗಾಗ ನನ್ನ ಹತ್ತಿರ ಮಾತಾಡ್ತಾಳೆ.

ಇನ್ನೊಬ್ಬಳು ಬಿಕಾಂ ಎರಡನೇ ವರ್ಷದಲ್ಲಿದ್ದಳು. ಒಳ್ಳೇ ಸಂಬಂಧ ಬಂತು, ಮದುವೆ ಆಯಿತು. ಆರು ತಿಂಗಳಲ್ಲಿ ವಾಪಸ್ ಬಂದಳು. ತವರು ಅಂತ ಬರೋಕೆ ಅವಳಿಗೆ ಇದ್ದದ್ದೂ ಅದೇ ಗೇಟು. ಆ ರಾತ್ರಿ ಒಳಗೆ ಬಿಡೋಕೆ ರಿಜಿಸ್ಟರಲ್ಲಿ ಯಾವ ಕಾಲಂ ಕೆಳಗೆ ಬರೆಯಬೇಕು ಅಂತ ಗೊತ್ತಾಗದೆ ಒಂದು ಗಂಟೆ ಹೊರಗೆ ಕೂರಿಸಿದ್ದರು.

ಮದುವೆ ಬೇಡ ಅಂತ ಹೇಳ್ತಿಲ್ಲ. "ಡಿಗ್ರಿ ಮುಗಿಸ್ತೀಯಾ" ಅಂತ ಮೊದಲು ಕೇಳಿ, ಅಷ್ಟೇ. ನನ್ನನ್ನು ಒಬ್ಬ ಮೇಡಂ ಕೇಳಿದ್ದರು. ಹೊಲಿಗೆ ಕಲಿತೆ, ಈಗ ನನ್ನದೇ ಅಂಗಡಿ, ಎರಡು ಮಷಿನ್. ಬ್ಲೌಸ್ ಫಾಲ್ಸ್ ಹಾಕೋ ಹುಡುಗಿಯೂ ನಮ್ಮ ನಿಲಯದವಳೇ. ಸೀರೆ ಫಾಲ್ಸ್ ಅನ್ನೋ ಬದಲು ಬ್ಲೌಸ್ ಅಂದೆ ನೋಡಿ, ಬೆಳಗಿನಿಂದ ಬ್ಲೌಸೇ ಹೊಲಿದು ತಲೆ ಕೆಟ್ಟಿದೆ.

ಮೊಸರನ್ನ

ಅನಾಥ ಮಕ್ಕಳಿಗೆ 10 ಲಕ್ಷ ಕೊಡ್ತಾರೆ ಅಂತ ಓದಿದ್ದೆ. ಈ ಹುಡುಗನಿಗೆ ಅದು ಬರಲ್ವಾ?

ಕಪ್ಪು ಕೋಟು

ಅದು ಪಿಎಂ ಕೇರ್ಸ್ ಫಾರ್ ಚಿಲ್ಡ್ರನ್. ಎಲ್ಲ ಅನಾಥರಿಗೂ ಅಲ್ಲ. 2020ರ ಮಾರ್ಚ್ 11ರಿಂದ 2022ರ ಫೆಬ್ರವರಿ 28ರ ಒಳಗೆ ಕೋವಿಡ್‌ನಿಂದ ತಂದೆ ತಾಯಿ ಇಬ್ಬರನ್ನೂ, ಅಥವಾ ಉಳಿದಿದ್ದ ಒಬ್ಬರನ್ನು, ಇಲ್ಲವೇ ಕಾನೂನುಬದ್ಧ ಪಾಲಕರನ್ನೋ ದತ್ತು ಪಡೆದವರನ್ನೋ ಕಳೆದುಕೊಂಡ ಮಕ್ಕಳಿಗೆ ಮಾತ್ರ. 18ರಿಂದ 23ರವರೆಗೆ ತಿಂಗಳ ಸ್ಟೈಪೆಂಡ್, 23ಕ್ಕೆ 10 ಲಕ್ಷ. ನಮ್ಮ ರಾಜ್ಯದ ಬಾಲಸೇವಾ ಯೋಜನೆಯ ತಿಂಗಳ 3500 ರೂಪಾಯಿಯೂ ಕೋವಿಡ್ ಮಕ್ಕಳಿಗೇ. ಅಪ್ಪ ಅಮ್ಮ ಲಾರಿ ಅಪಘಾತದಲ್ಲೋ ಕ್ಷಯ ಬಂದೋ ಹೋಗಿದ್ದರೆ ಇವೆರಡೂ ಇಲ್ಲ. ಒಂದೇ ಡಾರ್ಮಿಟರಿಯಲ್ಲಿ ಅಕ್ಕಪಕ್ಕ ಮಲಗುವ ಇಬ್ಬರಲ್ಲಿ ಒಬ್ಬನಿಗೆ 10 ಲಕ್ಷ, ಇನ್ನೊಬ್ಬನಿಗೆ "ಫಂಡ್ ಬಂದರೆ ನೋಡೋಣ".

ಇನ್ನೊಂದು ತಮಾಷೆ ಹೇಳಲಾ? ಕಾಯ್ದೆಯಲ್ಲಿ ಅನುಪಾಲನೆ ಅಂದರೆ "ಸಂಸ್ಥೆಯ ಆರೈಕೆ" ಬಿಟ್ಟವರಿಗೆ ಅಂತ ಬರೆದಿದೆ. ಫಾಸ್ಟರ್ ಕೇರ್, ಅಂದರೆ ಬೇರೆ ಕುಟುಂಬದಲ್ಲಿ ಪೋಷಣೆಗೆ ಇದ್ದು ಬೆಳೆದ ಮಗು ಆ ಸಾಲಿನೊಳಗೆ ನೇರವಾಗಿ ಬರೋದೇ ಇಲ್ಲ. ಮಕ್ಕಳನ್ನು ಕುಟುಂಬದಲ್ಲೇ ಬೆಳೆಸಿ ಅಂತ ಇದೇ ಕಾಯ್ದೆ ಹೇಳುತ್ತೆ.

ಕೌಂಟರ್ 3

ಬ್ಯಾಂಕಿನವನು. ಯಾರೂ ಹೇಳದ ಒಂದು ವಿಷಯ ಹೇಳ್ತೀನಿ. ಹೋಮಿನ ಮಕ್ಕಳ ಖಾತೆ ಮೈನರ್ ಖಾತೆ ಆಗಿರುತ್ತೆ, ಜೊತೆಗೆ ಅಧೀಕ್ಷಕರ ಸಹಿ ಇರುತ್ತೆ. 18 ಆದ ಕೂಡಲೇ ಅದು ತಾನಾಗೇ ಮೇಜರ್ ಖಾತೆ ಆಗಲ್ಲ. ಹುಡುಗ ಬಂದು ಹೊಸದಾಗಿ ಕೆವೈಸಿ ಕೊಡಬೇಕು, ಅವನ ಸಹಿ ತಗೋಬೇಕು. ಅಲ್ಲಿಯವರೆಗೆ ದುಡ್ಡು ಬಿದ್ದರೂ ತೆಗೆಯೋಕೆ ಆಗಲ್ಲ. ಎಷ್ಟೋ ಹುಡುಗರು ಆ ಹೊತ್ತಿಗೆ ಊರು ಬಿಟ್ಟಿರ್ತಾರೆ. ಪಾಸ್‌ಬುಕ್ ಆಫೀಸಿನ ಬೀರುವಿನಲ್ಲೇ ಉಳಿದಿರುತ್ತೆ.

ಇನ್ನು ಆಧಾರ್. 15 ವರ್ಷ ಆದಮೇಲೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಕೊಟ್ಟಿದ್ದಾನಾ ನೋಡಿ. ವಿಳಾಸ ಹೋಮಿನದ್ದೇ ಇರುತ್ತೆ. ಬಿಡುವ ಮುಂಚೆ ಅವನ ಸ್ವಂತ ಮೊಬೈಲ್ ನಂಬರ್ ಆಧಾರಿಗೆ ಜೋಡಿಸಿ. ವಾರ್ಡನ್ ನಂಬರಿಗೆ ಓಟಿಪಿ ಹೋಗುತ್ತಿದ್ದರೆ ಇವನ ಕಥೆ ಮುಗೀತು.

ಪಾಸ್‌ಪೋರ್ಟಿಗೆ ಹುಟ್ಟಿದ ದಾಖಲೆ ಇಲ್ಲ ಅಂತ ಹೆದರಬೇಡಿ. 2016ರ ಡಿಸೆಂಬರಿನಲ್ಲೇ ನಿಯಮ ಸಡಿಲ ಮಾಡಿದ್ದಾರೆ. ಹುಟ್ಟಿದ ತಾರೀಖಿಗೆ ಅನಾಥಾಲಯದ ಮುಖ್ಯಸ್ಥರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಒಪ್ಪುತ್ತಾರೆ. ಫಿಟ್ಟರ್ ಹುಡುಗ, ಗಲ್ಫ್ ಕಡೆ ಹೋದರೂ ಹೋದಾನು.

ಲೀಡ್ಸ್‌ನಿಂದ

ಇಂಗ್ಲೆಂಡಿನಲ್ಲಿ ಮಕ್ಕಳ ಸೇವೆಗಳಲ್ಲಿ ಕೆಲಸ ಮಾಡ್ತೀನಿ. ಊರು ಹಾಸನ. ಇಲ್ಲಿನದ್ದು ಕೇಳಿ ಹೊಟ್ಟೆ ಉರಿಸಿಕೊಳ್ಳಬೇಡಿ, ಒಂದು ಅಂಶ ಮಾತ್ರ ಹೇಳ್ತೀನಿ.

ಇಲ್ಲಿ ಆರೈಕೆ ಬಿಟ್ಟ ಪ್ರತಿ ಹುಡುಗ ಹುಡುಗಿಗೂ ಪರ್ಸನಲ್ ಅಡ್ವೈಸರ್ ಅಂತ ಒಬ್ಬರು ಇರ್ತಾರೆ. 2017ರ ಕಾನೂನಿನ ನಂತರ 25 ವರ್ಷದವರೆಗೆ ಆ ನೆರವು ಕೇಳಬಹುದು. ಫಾಸ್ಟರ್ ಮನೆಯಲ್ಲಿ ಬೆಳೆದವರು ಇಬ್ಬರೂ ಒಪ್ಪಿದರೆ 21ರವರೆಗೆ ಅದೇ ಮನೆಯಲ್ಲಿ ಇರಬಹುದು, 2014ರಿಂದ ಬಂದ ವ್ಯವಸ್ಥೆ. ಪಕ್ಕದ ವೇಲ್ಸ್‌ನಲ್ಲಿ 2022ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಆರೈಕೆಯಿಂದ ಹೊರಬಂದು 18 ತುಂಬಿದವರಿಗೆ ಎರಡು ವರ್ಷ, ತೆರಿಗೆಗೆ ಮುಂಚೆ ತಿಂಗಳಿಗೆ 1600 ಪೌಂಡ್ ಕೊಟ್ಟರು. ಹೇಗೆ ಖರ್ಚು ಮಾಡ್ತೀಯ ಅಂತ ಷರತ್ತು ಇರಲಿಲ್ಲ. ನೇರಮಾತು ಅವರಿಗೆ ಇದನ್ನು ಓದಿ ರಕ್ತದೊತ್ತಡ ಏರಬಹುದು.

ಇಷ್ಟಿದ್ದೂ ಇಲ್ಲಿ ಮನೆ ಇಲ್ಲದೆ ಅಲೆಯುವ ಇಂಥ ಮಕ್ಕಳನ್ನು ನಾನು ನೋಡ್ತಾನೇ ಇರ್ತೀನಿ. ಅಡ್ವೈಸರ್ ಬದಲಾಗ್ತಾ ಇದ್ದರೆ ಹುಡುಗ ಫೋನ್ ಎತ್ತೋದೇ ಬಿಡ್ತಾನೆ. ಒಬ್ಬರೇ ಉಳಿದಿದ್ದರೆ ರಾತ್ರಿ ಹನ್ನೊಂದಕ್ಕೂ ಮೆಸೇಜ್ ಮಾಡ್ತಾನೆ, "ವಾಷಿಂಗ್ ಮಷಿನ್‌ಗೆ ಪುಡಿ ಎಲ್ಲಿ ಹಾಕೋದು" ಅಂತ.

ನೇರಮಾತು

ರಕ್ತದೊತ್ತಡ ಏರಿತು. ಆದರೆ ಒಂದು ಕೇಳ್ತೀನಿ. ಬಿಸಿಎಂ, ಅಂದರೆ ಹಿಂದುಳಿದ ವರ್ಗದವರ ಹಾಸ್ಟೆಲ್ ಇದೆಯಲ್ಲ? ಐಟಿಐ ಹುಡುಗರೂ ಅಲ್ಲಿ ಇರ್ತಾರೆ. ಅಲ್ಲಿ ಸೇರಿಸಿದರೆ ಊಟ, ವಸತಿ ಎರಡೂ ಆಯ್ತು.

ಹೊಲಿಗೆ ಮಷಿನ್

ಜಾತಿ ಪ್ರಮಾಣಪತ್ರ ಎಲ್ಲಿಂದ ತರ್ತಾನೆ? ನಾಡಕಚೇರಿಯಲ್ಲಿ ಮೊದಲು ಕೇಳೋದೇ ತಂದೆಯ ಜಾತಿ. ಮೂರು ವರ್ಷದ ಮಗುವಾಗಿದ್ದಾಗ ರೈಲ್ವೆ ಸ್ಟೇಷನ್ನಲ್ಲಿ ಸಿಕ್ಕವರಿಗೆ ಯಾವ ತಂದೆ, ಯಾವ ಜಾತಿ? ಮಹಾರಾಷ್ಟ್ರದಲ್ಲಿ 2018ರಲ್ಲೇ ಅನಾಥರಿಗೆ ಅಂತ ಶೇ 1 ಮೀಸಲಾತಿ ಮಾಡಿದರು. ಅಲ್ಲಿ ಅನಾಥ ಪ್ರಮಾಣಪತ್ರವೇ ದಾಖಲೆ. ಅದೊಂದು ಕಾಗದ ಇದ್ದರೆ ಎಷ್ಟು ಬಾಗಿಲು ತೆರೆಯುತ್ತೆ ಅಂತ ನಮಗೇ ಗೊತ್ತು.

ಗ್ಯಾರೇಜ್ ಪಾನಾ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಅಂತ ಹೇಳ್ತೀನಿ.

ಮೊದಲ ಸಲ ಹೋದಾಗ ಸಾಹೇಬರು ಮೀಟಿಂಗಲ್ಲಿ ಇದ್ದರು. ಎರಡನೇ ಸಲವೂ ಮೀಟಿಂಗ್. ಮೂರನೇ ಸಲ ಕಪ್ಪು ಕೋಟು ಸರ್ ಹೇಳಿದ ಹಾಗೆ 25ನೇ ನಿಯಮ ಅಂತ ಅರ್ಜಿಯ ತಲೆಯಲ್ಲೇ ಬರೆಸಿಕೊಂಡು ಹೋದೆವು. ಅಲ್ಲಿದ್ದ ಒಬ್ಬ ಮೇಡಂ ಓದಿ, ಕುರ್ಚಿ ಹಾಕಿ ಕೂರಿಸಿದರು. "ಎರಡು ತಿಂಗಳ ಮುಂಚೆ ಬಂದಿದ್ದು ಒಳ್ಳೇದಾಯ್ತು, ಸಾಮಾನ್ಯವಾಗಿ ಹೊರಗೆ ಹೋಗಿ ಆರು ತಿಂಗಳಿಗೆ ಬರ್ತಾರೆ" ಅಂದರು. ಸೀಲ್ ಹಾಕಿಕೊಟ್ಟರು.

ಸಮಿತಿ ಮುಂದೆ ಹುಡುಗನೇ ಮಾತಾಡಿದ. ಏನು ಬೇಕಪ್ಪಾ ಅಂತ ಕೇಳಿದರೆ "ಪರೀಕ್ಷೆ ಬರೆಯೋಕೆ ಐದು ತಿಂಗಳು ಬೇಕು" ಅಂದ. ಅಷ್ಟೇ. ನಾನು ಪಕ್ಕದಿಂದ ಕಾಲು ತುಳಿದೆ, 21ರವರೆಗೆ ಕೇಳು ಅಂತ. ಕೇಳಲಿಲ್ಲ ಮಾರಾಯ. ಪುಣ್ಯಕ್ಕೆ ಸಮಿತಿಯವರೇ ಕೋರ್ಸ್ ಮುಗಿದ ಮೇಲೆ ಅಪ್ರೆಂಟಿಸ್ ಕಾಲಕ್ಕೂ ಸೇರಿಸಿ ಬರೆದರು.

ರೂಮು ಹುಡುಕೋದು ಇದಕ್ಕಿಂತ ಕಷ್ಟ ಆಯಿತು. ನಾಲ್ಕು ಮನೆಯವರು ಬಾಲಮಂದಿರ ಅಂದ ಕೂಡಲೇ "ಏನು ತಪ್ಪು ಮಾಡಿ ಒಳಗಿದ್ದ" ಅಂತ ಕೇಳಿದರು. ಜನಕ್ಕೆ ಬಾಲಮಂದಿರಕ್ಕೂ ಜೈಲಿಗೂ ವ್ಯತ್ಯಾಸ ಗೊತ್ತಿಲ್ಲ. ಕೊನೆಗೆ ಅವನ ಇಬ್ಬರು ಸೀನಿಯರ್‌ಗಳು ಇರುವ ರೂಮಿನಲ್ಲೇ ಮೂರನೆಯವನಾಗಿ ಸೇರಿಸೋದು ಅಂತಾಯಿತು. ಕರಾರು ಪತ್ರಕ್ಕೆ ಜಾಮೀನು ಸಹಿ ನನ್ನದು.

ಟ್ರಂಕು ನಂಬರ್ 31

ಸೀನಿಯರ್ಸ್ ಜೊತೆ ಇರೋದು ಒಳ್ಳೇದು ಅಣ್ಣ. ಗೊರಕೆ ಇರುತ್ತೆ. ಆದರೆ ಹಬ್ಬದ ದಿನ ಮರೀಬೇಡಿ. ಹೋಟೆಲ್ ಬಾಗಿಲು ಹಾಕಿರುತ್ತೆ, ಊರೆಲ್ಲ ಒಬ್ಬಟ್ಟಿನ ವಾಸನೆ. ನಾನು ಮೊದಲ ಯುಗಾದಿಗೆ ರೂಮಲ್ಲಿ ಬಾಗಿಲು ಹಾಕಿಕೊಂಡು ಬನ್ ತಿಂದಿದ್ದೆ.

ನೇರಮಾತು

ಅಡ್ವಾನ್ಸ್ ಕಟ್ಟಾಯ್ತಾ? ಆ 4000 ಬಂತಾ?

ಗ್ಯಾರೇಜ್ ಪಾನಾ

ಅಡ್ವಾನ್ಸ್ ಸೀನಿಯರ್‌ಗಳು ಮುಂಚೆಯೇ ಕಟ್ಟಿದ್ದರು, ಇವನ ಪಾಲು ತಿಂಗಳು ತಿಂಗಳು ತೀರಿಸೋದು ಅಂತ ಮಾತಾಗಿದೆ. 4000 ಇನ್ನೂ ಬಂದಿಲ್ಲ. ಹೋದ ಸಲ ಬರೆದು ಮತ್ತೆ ಏಳು ವಾರ ಆಯಿತಲ್ಲ, ಮೊನ್ನೆ ಅವನಿಗೆ 18 ಆಯಿತು, ಅದೇ ದಿನ ಬ್ಯಾಂಕಿಗೆ ಹೋಗಿ ಸಹಿ ಕೊಟ್ಟು ಬಂದ. ಸಹಿ ಮೂರು ಸಲ ಮೂರು ತರ ಮಾಡಿ ಕ್ಲರ್ಕ್ ಹತ್ತಿರ ಬೈಸಿಕೊಂಡನಂತೆ. ಪ್ರತಿ ಸೋಮವಾರ ಆಫೀಸಿಗೆ ಫೋನ್ ಮಾಡ್ತಿದ್ದೀನಿ. ಆ ಮೇಡಂ ಈಗ ನನ್ನ ನಂಬರ್ ನೋಡಿದ ಕೂಡಲೇ "ಇನ್ನೂ ಇಲ್ಲ ಸರ್" ಅಂತಾರೆ.

ನಿನ್ನೆ ರಾತ್ರಿ ಎಂಟೂವರೆಗೆ ಹುಡುಗ ಫೋನ್ ಮಾಡಿದ್ದ. ಸೀನಿಯರ್‌ಗಳು ಇಬ್ಬರೂ ನೈಟ್ ಶಿಫ್ಟಂತೆ. "ಅಣ್ಣ, ಒಬ್ಬನಿಗೆ ಅಕ್ಕಿ ಎಷ್ಟು ಹಾಕಬೇಕು?" ನನಗೆ ಗೊತ್ತಿಲ್ಲ, ಹೆಂಡತಿ ಊರಿಗೆ ಹೋಗಿದ್ದಾಳೆ. ಟ್ರಂಕು, ನೀವೇ ಹೇಳಿ.

ಟ್ರಂಕು ನಂಬರ್ 31

ಟೀ ಲೋಟದಲ್ಲಿ ಒಂದು ಲೋಟ, ಎರಡೂವರೆ ಲೋಟ ನೀರು. ಕುಕ್ಕರ್ ಆದರೆ ಮೂರು ಸೀಟಿ. ಹಳೇ ಅಕ್ಕಿ ಆದರೆ ಇನ್ನರ್ಧ ಲೋಟ ನೀರು ಜಾಸ್ತಿ.

ಅವನ ನಂಬರ್ ಕೇಳಿ, ಒಪ್ಪಿದರೆ ನನಗೆ ಮೆಸೇಜಲ್ಲಿ ಕಳಿಸಿ. ಸಾರು ನಾನು ಹೇಳಿಕೊಡ್ತೀನಿ.